ವಕಾಲತ್ತು ಇಲ್ಲದ ಕಡತ

ದಿವಾಣಿ ವ್ಯಾಜ್ಯಗಳ ನಡಾವಳಿಯನ್ನು ಗೊತ್ತುಪಡಿಸುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ತನ್ನ 3ನೆಯ ಆದೇಶದಲ್ಲಿ, ಪಕ್ಷಕಾರರು ಖುದ್ದಾಗಿ, ಇಲ್ಲವೇ ಮಾನ್ಯತೆ ಪಡೆದ ಪ್ರತಿನಿಧಿಯ ಮೂಲಕ, ಇಲ್ಲವೇ ವಕೀಲರ ಮೂಲಕ ನ್ಯಾಯಾಲಯಕ್ಕೆ ಹಾಜರಾಗಬಹುದೆಂದು ಹೇಳುತ್ತದೆ. ಈ ಮೂರರಲ್ಲಿ ಖುದ್ದು ಹಾಜರಾತಿಯೇ ಮೊದಲು ಬರುತ್ತದೆ ಎಂಬುದು, ಕಪ್ಪು ಕೋಟಿನವರ ಬೆನ್ನ ಹಿಂದೆಯೇ ಕೋರ್ಟಿನ ಮೆಟ್ಟಿಲು ಹತ್ತಬೇಕೆಂದು ನಂಬಿದವರಿಗೆ ಅಚ್ಚರಿಯೆನಿಸಬಹುದು. ಹೀಗೆ ತಮ್ಮ ಪ್ರಕರಣವನ್ನು ತಾವೇ ನಡೆಸುವವರನ್ನು ಕೋರ್ಟಿನ ಮಾತಿನಲ್ಲಿ ‘ಪಾರ್ಟಿ ಇನ್ ಪರ್ಸನ್’ ಎನ್ನುತ್ತಾರೆ. ಅವರ ಕಡತದಲ್ಲಿ ವಕಾಲತ್ತು, ಅಂದರೆ ತಮ್ಮ ಪರವಾಗಿ ನಡೆದುಕೊಳ್ಳಲು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ, ಇರುವುದಿಲ್ಲ.

ಈ ಹಕ್ಕು ಸ್ವಂತ ಪ್ರಕರಣಕ್ಕೆ ಮಾತ್ರ ಸಲ್ಲುತ್ತದೆ. 1961ರ ವಕೀಲರ ಕಾಯಿದೆಯು ವೃತ್ತಿಯನ್ನು ಸನ್ನದು ಪಡೆದವರಿಗೇ ಮೀಸಲಿಟ್ಟಿರುವುದರಿಂದ, ಕಾನೂನು ಬಲ್ಲ ನೆರೆಯವರೋ ಓದಿಕೊಂಡ ಅಳಿಯನೋ ನಿಂತು ವಾದಿಸಬೇಕಾದರೆ ಅದರ 32ನೆಯ ಕಲಮಿನಂತೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಮುಖ್ತಿಯಾರ್‌ನಾಮೆ, ಅಂದರೆ ಜಿಪಿಎ, ಪಡೆದವರು ಕಾಗದಪತ್ರ ಸಲ್ಲಿಸಬಹುದಾದರೂ, ಪಕ್ಷಕಾರರಿಗೆ ಮಾತ್ರ ಸ್ವತಃ ತಿಳಿದಿರುವ ಸಂಗತಿಗಳ ಬಗ್ಗೆ ಅವರ ಬದಲಿಗೆ ಸಾಕ್ಷ್ಯ ನುಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಜಾನಕಿ ವಾಸ್‌ದೇವ್ ಭೋಜವಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕೆಲವು ವೇದಿಕೆಗಳನ್ನು ವಕೀಲರ ಹಂಗಿಲ್ಲದೆ ನಡೆಯಲೆಂದೇ ಕಟ್ಟಲಾಗಿದೆ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯಿದೆಯ 13ನೆಯ ಕಲಮಿನಂತೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದನ್ನು ಹಕ್ಕೆಂದು ಕೇಳುವಂತಿಲ್ಲ. ನ್ಯಾಯಾಲಯ ಒಪ್ಪಿದರೆ ಮಾತ್ರ ಅವರು ಬರಬಹುದು, ಆದರೆ ವಾಸ್ತವದಲ್ಲಿ ಈ ಒಪ್ಪಿಗೆ ಅಪವಾದವಾಗಿ ಉಳಿದಿಲ್ಲ. ಒಬ್ಬರೇ ಹೋಗಲು ಎಲ್ಲಕ್ಕಿಂತ ಹದವಾಗಿರುವುದು ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೊಂಡ ಊರಿನಲ್ಲಷ್ಟೇ ಅಲ್ಲದೆ ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿತ್ತಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ದಾಖಲಾಗಬೇಕೆಂಬ ಒಂದು ಮಾತನ್ನು ಮರೆಯದಿದ್ದರೆ, ಬಿಲ್ಲು, ನೋಟಿಸು ಮತ್ತು ಪತ್ರವ್ಯವಹಾರವನ್ನು ತಾರೀಖಿನ ಸಾಲಿನಲ್ಲಿ ಜೋಡಿಸಬಲ್ಲ ಯಾರೂ ಅಲ್ಲಿ ತಮ್ಮ ಪ್ರಕರಣವನ್ನು ನಿಭಾಯಿಸಬಲ್ಲರು.

ಸಿವಿಲ್ ನ್ಯಾಯಾಲಯದ ದಾವೆ ಇಷ್ಟು ಸಲೀಸಲ್ಲ. ವಾದಿಯು ಸಲ್ಲಿಸುವ ವಾದಪತ್ರದಲ್ಲಿ ನ್ಯಾಯಾಲಯದ ಹೆಸರು, ಪಕ್ಷಕಾರರ ವಿಳಾಸ, ವ್ಯಾಜ್ಯಕಾರಣ, ಅಂದರೆ ದಾವೆ ಹೂಡುವ ಹಕ್ಕು ಯಾವ ಸಂಗತಿಗಳಿಂದ ಮತ್ತು ಯಾವಾಗ ಹುಟ್ಟಿತೆಂಬ ವಿವರ, ಆ ನ್ಯಾಯಾಲಯಕ್ಕೆ ವಿಚಾರಣಾಧಿಕಾರ ಹೇಗಿದೆಯೆಂಬುದು, ದಾವೆಯ ಮೌಲ್ಯ ಮತ್ತು ಕೇಳುವ ಪರಿಹಾರ ಇವೆಲ್ಲ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶ ವಿಧಿಸುತ್ತದೆ. ಇದನ್ನು ಬರೆಯುವಾಗ ಸಾಮಾನ್ಯರು ಎಡವುವುದು ಭಾಷೆಯ ಕೊರತೆಯಿಂದಲ್ಲ, ನೋವಿನ ಹೆಚ್ಚಳದಿಂದ. ಸಂಬಂಧಿಕನಿಗೆ ಕೈಸಾಲ ಕೊಟ್ಟು ಕಳೆದುಕೊಂಡವರ ವಾದಪತ್ರಕ್ಕೆ ಬೇಕಾದದ್ದು ಹಣ ಕೊಟ್ಟ ದಿನ, ಮೊತ್ತ, ಕೊಟ್ಟ ಬಗೆ, ಹಿಂದಿರುಗಿಸುವ ಮಾತು ಮತ್ತು ನಿರಾಕರಿಸಿದ ದಿನ. ಆತನ ಮಗಳ ಮದುವೆಗೆ ತಾವು ಮಾಡಿದ ಉಪಕಾರದ ಕಥೆ ಎಷ್ಟೇ ನಿಜವಾಗಿದ್ದರೂ ಅಲ್ಲಿ ಸಲ್ಲದು. ಕಾನೂನು ಮುಖ್ಯ ಸಂಗತಿಗಳನ್ನಷ್ಟೇ ಕೇಳುತ್ತದೆ; ಅವುಗಳನ್ನು ರುಜುವಾತುಪಡಿಸುವ ಸಾಕ್ಷ್ಯದ ಸರದಿ ಆಮೇಲೆ ಬರುತ್ತದೆ. ಕೊನೆಯಲ್ಲಿ ಯಾವ ಯಾವ ಕಂಡಿಕೆ ಸ್ವಂತ ತಿಳಿವಳಿಕೆಯದು, ಯಾವುದು ಬೇರೆಯವರಿಂದ ತಿಳಿದು ನಂಬಿದ್ದು ಎಂದು ಬೇರ್ಪಡಿಸಿ ಹೇಳುವ ಸತ್ಯಾಪನೆಗೆ ಸಹಿ ಹಾಕಿ, ಜೊತೆಗೆ ಪ್ರಮಾಣಪತ್ರ, ಅಂದರೆ ಅಫಿಡವಿಟ್, ದಾಖಲೆಗಳ ಪಟ್ಟಿ ಮತ್ತು ಪ್ರತಿವಾದಿಗಳಿಗೆ ತಲಪಿಸಲು ಬೇಕಾದಷ್ಟು ಪ್ರತಿಗಳನ್ನು ಇಡಬೇಕು. ನ್ಯಾಯಾಲಯ ಶುಲ್ಕವನ್ನು ಕರ್ನಾಟಕದಲ್ಲಿ 1958ರ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯಿದೆಯ ಪ್ರಕಾರ ಲೆಕ್ಕ ಹಾಕುತ್ತಾರೆ.

ಸಲ್ಲಿಸಿದ ಕಾಗದವನ್ನು ಕಚೇರಿಯ ಸಿಬ್ಬಂದಿ ಪರಿಶೀಲಿಸಿ, ಶುಲ್ಕ ಸಾಲದಿದ್ದರೆ, ಸಹಿ ತಪ್ಪಿದ್ದರೆ ಅಥವಾ ಪ್ರತಿ ಕಡಿಮೆಯಾಗಿದ್ದರೆ ಆಕ್ಷೇಪಣೆ ಬರೆಯುತ್ತಾರೆ. ಇದನ್ನು ದಾವೆಯ ತಿರಸ್ಕಾರವೆಂದು ಭಾವಿಸಿ ಕೈಚೆಲ್ಲುವವರಿದ್ದಾರೆ. ವಕೀಲರ ಕಡತಗಳಿಗೂ ತಪ್ಪದ ಈ ಆಕ್ಷೇಪಣೆಗಳನ್ನು ಸರಿಪಡಿಸಿದರಾಯಿತು. ಎಲ್ಲ ಸರಿಯಿದ್ದ ಮೇಲೆ ದಾವೆಗೆ ಸಂಖ್ಯೆ ಬೀಳುತ್ತದೆ. 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ಮುದ್ದತ್ತು, ಅಂದರೆ ವಿಚಾರಣೆಯ ಮುಂದಿನ ತಾರೀಖು, ಮನೆಯಲ್ಲೇ ಕಾಣಸಿಗುತ್ತದೆ.

ಮುದ್ದತ್ತಿನ ದಿನ ಹೆಸರು ಕೂಗಿದಾಗ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 9ನೆಯ ಆದೇಶ ಹೇಳುತ್ತದೆ: ಪ್ರತಿವಾದಿ ಬಂದು ವಾದಿ ಬಾರದಿದ್ದರೆ ದಾವೆ ವಜಾ ಆಗಬಹುದು, ಸಮನ್ಸು ತಲಪಿಯೂ ಪ್ರತಿವಾದಿ ಬಾರದಿದ್ದರೆ ವಿಚಾರಣೆ ಏಕಪಕ್ಷೀಯವಾಗಿ ನಡೆಯಬಹುದು. ಎರಡನ್ನೂ ರದ್ದುಪಡಿಸಿಕೊಳ್ಳಲು ದಾರಿಯಿದೆಯಾದರೂ ಅರ್ಜಿಗಿರುವ ಕಾಲಾವಕಾಶ ಸಾಮಾನ್ಯವಾಗಿ 30 ದಿನ ಮಾತ್ರ. ಸಮನ್ಸು ಪಡೆದ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸಲೂ 30 ದಿನವೇ ಇದ್ದು, ಕಾರಣ ತೋರಿಸಿದರೆ ಅದು 90 ದಿನಗಳವರೆಗೆ ಬೆಳೆಯುತ್ತದೆ. ವಾದಪತ್ರದ ಯಾವ ಮಾತನ್ನು ನಿರಾಕರಿಸದೆ ಬಿಟ್ಟರೂ ಅದನ್ನು ಒಪ್ಪಿದಂತೆ ಎಣಿಸಬಹುದಾದ್ದರಿಂದ ಕಂಡಿಕೆ ಕಂಡಿಕೆಗೂ ಉತ್ತರ ಕೊಡಬೇಕಾಗುತ್ತದೆ.

ನಿಜವಾದ ಕಷ್ಟ ಎದುರಾಗುವುದು ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ. ಮುಖ್ಯ ವಿಚಾರಣೆ ಈಗ ಅಫಿಡವಿಟ್ ರೂಪದಲ್ಲೇ ಸಲ್ಲುವುದರಿಂದ ಅದನ್ನು ಮನೆಯಲ್ಲಿ ಕುಳಿತು ಬರೆಯಬಹುದು. ಪಾಟೀಸವಾಲನ್ನು ಬರೆದು ತಂದು ಒಪ್ಪಿಸಲಾಗದು. ತರಬೇತಿಯಿಲ್ಲದವರು ಅಲ್ಲಿ ಪ್ರಶ್ನೆ ಕೇಳುವ ಬದಲು ಸಾಕ್ಷಿಯೊಡನೆ ವಾಗ್ವಾದಕ್ಕೆ ಇಳಿಯುತ್ತಾರೆ, ಕೇಳಬೇಕಾದ ಒಂದು ಪ್ರಶ್ನೆಯನ್ನು ಬಿಟ್ಟು ಆ ಸಾಕ್ಷ್ಯ ಸವಾಲಿಲ್ಲದೆ ಉಳಿಯಲು ಬಿಡುತ್ತಾರೆ. ಆಸ್ತಿಯ ಹಕ್ಕು, ವಿಭಾಗ, ಉಯಿಲಿನ ಸಾಚಾತನ ಇಂಥ ದಾವೆಗಳಲ್ಲಿ ಫಲಿತಾಂಶ ಬಹುಮಟ್ಟಿಗೆ ಇಲ್ಲೇ ನಿರ್ಧಾರವಾಗುವುದರಿಂದ ಅವುಗಳನ್ನು ಒಬ್ಬರೇ ನಡೆಸಲು ಹೊರಡುವುದು ಧೈರ್ಯಕ್ಕಿಂತ ದುಡುಕೆನ್ನಬೇಕು.

ಕಾಣದ ಹಳ್ಳಗಳು ಇನ್ನೂ ಇವೆ. 1963ರ ಕಾಲಮಿತಿ ಕಾಯಿದೆಯ ಅವಧಿ, ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷ, ಮೀರಿದ್ದರೆ ಎದುರು ಪಕ್ಷದವರು ಬಾಯಿಬಿಡದಿದ್ದರೂ ನ್ಯಾಯಾಲಯವೇ ದಾವೆಯನ್ನು ವಜಾ ಮಾಡಬೇಕಾಗುತ್ತದೆ. ಸಾಲದಷ್ಟು ಮುದ್ರಾಂಕ ಶುಲ್ಕ ತೆತ್ತ ಕರಾರುಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಿದರೆ, ಕರ್ನಾಟಕ ಮುದ್ರಾಂಕ ಕಾಯಿದೆಯಂತೆ ಕೊರತೆಯ ಮೊತ್ತದೊಡನೆ ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಪರಿಗಣಿಸುವಂತಿಲ್ಲ. ಮೊಬೈಲಿನ ಸಂದೇಶಗಳ ಮುದ್ರಿತ ಪ್ರತಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ದೃಢೀಕರಣ ಪತ್ರ ಜೊತೆಗಿರಬೇಕು.

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ವ್ಯವಹರಿಸಲು ಸಾಧ್ಯವಿದ್ದರೂ, ಹೈಕೋರ್ಟಿನ ಕಲಾಪ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಾಗಿ ದೂರ ಕಡಿಮೆಯಾಯಿತೇ ಹೊರತು ಭಾಷೆಯ ಅಂತರ ಹಾಗೆಯೇ ಉಳಿದಿದೆ. ಸುಪ್ರೀಂ ಕೋರ್ಟಿನಲ್ಲಿ ಖುದ್ದಾಗಿ ವಾದಿಸಬಯಸುವವರು ವಕೀಲರನ್ನು ಏಕೆ ನೇಮಿಸಿಕೊಂಡಿಲ್ಲವೆಂದು ಅರ್ಜಿಯಲ್ಲಿ ವಿವರಿಸಿ ಮೊದಲು ರಿಜಿಸ್ಟ್ರಾರ್ ಮುಂದೆ ಮಾತನಾಡಬೇಕೆಂಬುದು ಅಲ್ಲಿನ 2013ರ ನಿಯಮಾವಳಿಯ ಕಟ್ಟಳೆ.

ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಒಬ್ಬರೇ ಹೊರಟವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಒದಗಿಸುವ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯನ್ನು ನೋಡಬೇಕು; 15100 ಅದರ ಸಹಾಯವಾಣಿ. ಹಾಗೂ ಒಬ್ಬರೇ ನಡೆಸಿ ತೀರ್ಪು ಕೇಳಿದವರು, ಗೆದ್ದಿರಲಿ ಸೋತಿರಲಿ, ಪ್ರಮಾಣೀಕೃತ ನಕಲಿಗೆ ಆ ದಿನವೇ ಅರ್ಜಿ ಹಾಕುವುದು ಒಳ್ಳೆಯದು. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ಸಿಗಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಕಳೆಯುತ್ತಾರೆ, ಅರ್ಜಿ ಹಾಕದೆ ಸುಮ್ಮನೆ ಕಳೆದ ದಿನಗಳನ್ನು ಕಳೆಯುವುದಿಲ್ಲ.