ತಾಯಿ ಕೇಳದೆ ಹೋದ ಹಾಡು

ಅಮೇರಿಕಾ ದೇಶದ ದಕ್ಷಿಣ ಭಾಗದ ಮಿಸಿಸಿಪಿ ರಾಜ್ಯದಲ್ಲಿ ಕ್ಲಾರ್ಕ್ಸ್‌ಡೇಲ್ ಎಂಬುದೊಂದು ಚಿಕ್ಕ ಪಟ್ಟಣ. ಸುತ್ತಲೂ ಹತ್ತಿ ಬೆಳೆದ ಬಯಲು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದರೂ ಆಫ್ರಿಕಾ ಮೂಲದ ಜನರು ಸಾಲದ ನೊಗ ಹೊತ್ತು ಇಂತಹ ಹೊಲಗಳಲ್ಲಿಯೇ ದುಡಿದರು. ಅವರ ಕಂಠದಿಂದ ಮೂಡಿದ ಹಾಡೇ ಬ್ಲೂಸ್. ನೋವಿನ ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಇದರ ರೂಢಿಯ ಕ್ರಮ. ಗಾಯಕನು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಗಿಟಾರು ಮಾತನಾಡುತ್ತದೆ. ತಂತಿಯನ್ನು ಅಡ್ಡಲಾಗಿ ಎಳೆದು ಸ್ವರವನ್ನು ಏರಿಸುವ ಆ ವರಸೆಯು ಸಿತಾರಿನ ಮೀಂಡನ್ನು ಕೇಳಿ ಬಲ್ಲವರಿಗೆ ತೀರ ಅಪರಿಚಿತವೆನಿಸದು.

ಈ ಊರಿನಲ್ಲಿ 1999ರ ಜನವರಿ 19ರಂದು ಕ್ರಿಸ್ಟೋನ್ ಇಂಗ್ರಾಂ ಜನಿಸಿದರು. ತಾಯಿ ಪ್ರಿನ್ಸೆಸ್ ಪ್ರೈಡ್ ಅವರ ಮನೆತನದವರು ಚರ್ಚಿನಲ್ಲಿ ಭಕ್ತಿಗೀತೆ ಹಾಡುವವರು. ಹೀಗಾಗಿ ಮಗುವಿಗೆ ಹಾಡು ಹೊರಗಿನಿಂದ ಬಂದ ವಸ್ತುವಲ್ಲ. ಆದರೆ ವಿದ್ಯೆ ಕೈಗೆ ಬಂದುದು ಊರಿನ ಡೆಲ್ಟಾ ಬ್ಲೂಸ್ ವಸ್ತುಸಂಗ್ರಹಾಲಯದಲ್ಲಿ. ಹಳೆಯ ರೈಲು ಸರಕುಮನೆಯಲ್ಲಿರುವ ಆ ಸಂಸ್ಥೆಯಲ್ಲಿ ಹಿರಿಯ ಗಾಯಕ ಮಡ್ಡಿ ವಾಟರ್ಸ್ ಅವರು ಬಾಳಿದ ಮರದ ಗುಡಿಸಲಿನ ಅವಶೇಷವನ್ನು ಕಾಪಾಡಿದ್ದಾರೆ. ಮಕ್ಕಳಿಗೆ ಶಾಲೆ ಬಿಟ್ಟ ಬಳಿಕ ಸಂಗೀತ ಪಾಠವನ್ನೂ ನಡೆಸುತ್ತಾರೆ. ಗದುಗಿನ ಪುಣ್ಯಾಶ್ರಮವನ್ನು ಕಂಡ ನಮಗೆ ಅಂತಹ ಪಾಠದ ಬೆಲೆ ಹೇಳಿಕೊಡಬೇಕಾಗಿಲ್ಲ. ಬಿಲ್ ಪೆರಿ ಹಾಗೂ ರಿಚರ್ಡ್ ಕ್ರಿಸ್ಮನ್ ಅಲ್ಲಿ ಇವರ ಗುರುಗಳು. 'ಕಿಂಗ್‌ಫಿಶ್' ಎಂಬ ಅಡ್ಡಹೆಸರನ್ನು ಇಟ್ಟವರೂ ಪೆರಿಯವರೇ. ಅದು ಹಳೆಯ ಹಾಸ್ಯ ಧಾರಾವಾಹಿಯೊಂದರ ಪಾತ್ರದ ಹೆಸರು.

ಆ ಊರಿನ ಕೂಡುರಸ್ತೆಯಲ್ಲಿ ರಾಬರ್ಟ್ ಜಾನ್ಸನ್ ಎಂಬ ಹಿಂದಿನ ವಾದಕನು ಸೈತಾನನಿಗೆ ಆತ್ಮವನ್ನು ಮಾರಿ ವಿದ್ಯೆ ಪಡೆದನೆಂಬ ಕಥೆ ಪ್ರಸಿದ್ಧವಾಗಿದೆ. ನಾವಂತೂ ಅದನ್ನು ನಂಬುವುದಿಲ್ಲ. ಓರಗೆಯವರು ರ್‍ಯಾಪ್ ಕೇಳುತ್ತಿದ್ದ ಕಾಲದಲ್ಲಿ ಅಜ್ಜಂದಿರ ಹಾಡನ್ನು ಹಿಡಿದು ಕುಳಿತ ಈ ಹುಡುಗನಿಗೆ ಗುರುಮುಖ ಮತ್ತು ನಿತ್ಯದ ಅಭ್ಯಾಸಗಳೇ ಸಾಕಾದವು. 2014ರಲ್ಲಿ, ಹದಿನೈದರ ಹರೆಯದಲ್ಲಿ, ಸಂಗ್ರಹಾಲಯದ ವಿದ್ಯಾರ್ಥಿಗಳ ಮೇಳದೊಡನೆ ಶ್ವೇತಭವನದಲ್ಲಿ ಮಿಶೆಲ್ ಒಬಾಮ ಅವರ ಮುಂದೆ ನುಡಿಸಿದರು.

'ಕಿಂಗ್‌ಫಿಶ್' ಎಂಬ ಮೊದಲ ಧ್ವನಿಮುದ್ರಿಕೆ 2019ರ ಮೇ ತಿಂಗಳಲ್ಲಿ ಷಿಕಾಗೋದ ಅಲಿಗೇಟರ್ ಸಂಸ್ಥೆಯಿಂದ ಹೊರಬಂದಿತು. ಎಂಬತ್ತು ದಾಟಿದ ಬಡ್ಡಿ ಗೈ ಅವರು ಅದರಲ್ಲಿ ಈ ತರುಣನ ಜೊತೆಗೆ ಹಾಡಿದರು. ಅದೇ ನವೆಂಬರಿನಲ್ಲಿ ಗ್ರ್ಯಾಮಿ ಪ್ರಶಸ್ತಿಯ ಸ್ಪರ್ಧಿಗಳ ಪಟ್ಟಿಯಲ್ಲಿ ಹೆಸರು ಬಂದಿತು. ಡಿಸೆಂಬರಿನಲ್ಲಿ ತಾಯಿ ತೀರಿಕೊಂಡರು. ಮಗನ ಕಲೆಗೆ ಮೊದಲಿನಿಂದಲೂ ಒತ್ತಾಸೆಯಾಗಿದ್ದ ಜೀವ ಅದು. ಇಪ್ಪತ್ತರ ವಯಸ್ಸಿನಲ್ಲಿ ಒಂದೇ ವರುಷದೊಳಗೆ ಬಂದ ಈ ಏರಿಕೆ ಮತ್ತು ಈ ಪೆಟ್ಟು ಎರಡನ್ನೂ ತಾಳಿಕೊಳ್ಳುವುದು ಸುಲಭದ ಮಾತಲ್ಲ.

ಮರುವರುಷ ಸಾಂಕ್ರಾಮಿಕ ರೋಗದಿಂದ ಕಛೇರಿಗಳೆಲ್ಲ ನಿಂತವು. ಆ ಬಿಡುವಿನಲ್ಲಿ ಹೊಸ ಹಾಡುಗಳು ಹುಟ್ಟಿ, 2021ರಲ್ಲಿ '662' ಎಂಬ ಮುದ್ರಿಕೆಯಾದವು. ಆ ಅಂಕಿ ಉತ್ತರ ಮಿಸಿಸಿಪಿಯ ದೂರವಾಣಿ ಸಂಕೇತ. ಊರನ್ನೇ ಹೆಸರಾಗಿ ಹೊತ್ತ ಈ ಕೃತಿಗೆ 2022ರ ಏಪ್ರಿಲ್ 3ರಂದು ಗ್ರ್ಯಾಮಿ ದೊರೆಯಿತು. 2025ರಲ್ಲಿ ತಮ್ಮದೇ ಸಂಸ್ಥೆಯಾದ ರೆಡ್ ಝೀರೋ ಮೂಲಕ 'ಹಾರ್ಡ್ ರೋಡ್', ಎಂದರೆ ಕಠಿಣ ದಾರಿ, ಎಂಬ ಮುದ್ರಿಕೆಯನ್ನು ಹೊರತಂದರು. ಇದರಲ್ಲಿ ಬ್ಲೂಸಿನೊಡನೆ ಸೋಲ್ ಹಾಗೂ ರಾಕ್ ಶೈಲಿಗಳ ಛಾಯೆಯೂ ಇದೆ.

ಇವರ ಸಂಗೀತವನ್ನು ಮೊದಲ ಬಾರಿಗೆ ಕೇಳಬಯಸುವ ಮನೆಯವರು '662'ರಲ್ಲಿ ಸೇರಿರುವ 'ರಾಕ್ ಅಂಡ್ ರೋಲ್' ಹಾಡಿನಿಂದ ಆರಂಭಿಸಲೆಂದು ನಾವು ಹೇಳುತ್ತೇವೆ. ಅದನ್ನು ಅವರು ಅಗಲಿದ ತಾಯಿಗೆ ಅರ್ಪಿಸಿದ್ದಾರೆ.