ಹಳೆಯ ಕಾರು, ಹೊಂದದ ಗಾಲಿ

ಎತ್ತಿನ ಗಾಡಿಯ ಗಾಲಿಯನ್ನು ಹಿಡಿದಿಡುವುದು ಒಂದೇ ಒಂದು ಕಡಾಣಿ. ಅದು ಸಡಿಲವಾದರೆ ಗಾಡಿಯವನಿಗೆ ಸದ್ದಿನಿಂದಲೇ ತಿಳಿಯುತ್ತದೆ. ಇಳಿದು ಬಡಿದು ಬಿಗಿಮಾಡಿಕೊಳ್ಳುತ್ತಾನೆ. ಮೋಟಾರಿನ ಗಾಲಿಗೆ ಅಂಥ ಕೀಲುಗಳು ನಾಲ್ಕೋ ಐದೋ ಇರುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅವು ಕೈಕೊಟ್ಟರೆ ಇಳಿದು ನೋಡುವ ಮಾತೆಲ್ಲಿ? ಹಳೆಯ ಕಾರಿಗೆ ಬೇರೆ ಕಾರಿನ ಭಾಗಗಳನ್ನು ಜೋಡಿಸುವ ಹವ್ಯಾಸವುಳ್ಳವರು ಮೊದಲು ಅರಿಯಬೇಕಾದದ್ದು ಈ ಕೀಲುಗಳ ಲೆಕ್ಕವನ್ನು.

ಇಂಗ್ಲೆಂಡಿನ ಮಾರಿಸ್ ಮೈನರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ಎಂಬ ಇಂಜಿನಿಯರು ರೂಪಿಸಿದ ಈ ಪುಟ್ಟ ಕಾರು 1948ರಲ್ಲಿ ಹೊರಬಂದಿತು. ನಮ್ಮ ಅಂಬಾಸಡರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನ ಮನೆತನದ್ದೇ ಇದು. ಇದನ್ನು ಅಕ್ಕರೆಯಿಂದ ಓಡಿಸುವವರು ಇಂದಿಗೂ ಅಲ್ಲಿದ್ದಾರೆ. ಅವರಲ್ಲಿ ಕೆಲವರು ಹೆಚ್ಚು ಶಕ್ತಿಯ ಇಂಜಿನನ್ನು ಕೂರಿಸುತ್ತಾರೆ. ಹಿಂದಿನ ಹಳೆಯ ಅಚ್ಚು ಆ ಬಲವನ್ನು ತಾಳಲಾರದೆಂದು ಫೋರ್ಡ್ ಎಸ್ಕಾರ್ಟ್ ಕಾರಿನ ಅಚ್ಚನ್ನು ತಂದು ಹಾಕುತ್ತಾರೆ. ತೊಡಕು ಹುಟ್ಟುವುದು ಇಲ್ಲಿಯೇ.

ಎರಡು ಕಾರುಗಳಲ್ಲಿಯೂ ಗಾಲಿಯೊಂದಕ್ಕೆ ನಾಲ್ಕೇ ಸ್ಟಡ್ಡುಗಳು. ಆದರೆ ಅವುಗಳ ನಡುಬಿಂದುಗಳನ್ನು ಹಾಯ್ದು ಒಂದು ವೃತ್ತ ಎಳೆದರೆ ಮೈನರಿನಲ್ಲಿ ಅದರ ವ್ಯಾಸ 4 ಇಂಚು, ಎಂದರೆ 101.6 ಮಿಲಿಮೀಟರ್, ಎಸ್ಕಾರ್ಟಿನಲ್ಲಿ ಸುಮಾರು 108. ಈ ವ್ಯಾಸವನ್ನೇ ಕೆಲಸಗಾರರು ಪಿ.ಸಿ.ಡಿ. ಎನ್ನುತ್ತಾರೆ. ಕಾಲಿಂಚಿನ ಅಂತರವಷ್ಟೆ, ಆದರೆ ಮುಂದಿನ ಗಾಲಿ ಹಿಂದಕ್ಕೆ ಬಾರದು, ಹಿಂದಿನದು ಮುಂದಕ್ಕೆ ಬಾರದು. ಒಂದೇ ಸ್ಟೆಪ್ನಿ ಇಟ್ಟುಕೊಂಡು ಹೊರಟವನಿಗೆ ನಡುರಾತ್ರಿ ಟೈರು ಪಂಕ್ಚರ್ ಆದರೆ ಅದು ಉಪಯೋಗಕ್ಕೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ!

ಸ್ಟೆಪ್ನಿ ಎಂಬ ಮಾತು ಬಂದದ್ದು ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. 1904ರ ಸುಮಾರಿಗೆ ಅಲ್ಲಿ ಹುಟ್ಟಿದ ಆ ಹೆಚ್ಚುವರಿ ಗಾಲಿಯನ್ನು ಕೆಟ್ಟ ಗಾಲಿಯ ಅಂಚಿಗೇ ಕಚ್ಚಿಸುತ್ತಿದ್ದರು. ಸ್ಟಡ್ಡುಗಳ ತಂಟೆಯೇ ಅದಕ್ಕಿರಲಿಲ್ಲ. ಇಂದಿನ ಸ್ಟೆಪ್ನಿಗೆ ಆ ಅನುಕೂಲವಿಲ್ಲ.

ಕಾಲಿಂಚು ವ್ಯತ್ಯಾಸವಾದರೆ ಗಾಲಿ ಕೂರುವುದೇ ಇಲ್ಲ. ತಪ್ಪು ತಾನಾಗಿ ಬಯಲಾಗುತ್ತದೆ. ಹೆಚ್ಚಿನ ಅಪಾಯವಿರುವುದು ಕೂತಂತೆ ತೋರುವ ಗಾಲಿಯಲ್ಲಿ. 100 ಮಿಲಿಮೀಟರಿನ ಗಾಲಿಯನ್ನು 101.6ರ ಸ್ಟಡ್ಡುಗಳ ಮೇಲೆ ಬಲವಂತವಾಗಿ ಬಿಗಿಯಬಹುದು. ಆಗ ಸ್ಟಡ್ಡು ಬಾಗುತ್ತದೆ. ನಟ್ಟಿನ ಇಳಿಜಾರು ಮುಖ ಒಂದು ಪಕ್ಕದಲ್ಲಿ ಮಾತ್ರ ತಾಗುತ್ತದೆ. ಗಾಲಿಯನ್ನು ನಿಜವಾಗಿ ಹಿಡಿದಿಡುವುದು ಅದಕ್ಕೂ ಹಬ್ಬಿಗೂ ನಡುವಣ ಒತ್ತಡ. ಅದು ಕಡಿಮೆಯಾದಂತೆ ಗಾಲಿ ಅಲುಗುತ್ತದೆ, ನಟ್ಟು ಸಡಿಲುತ್ತದೆ, ಬಾಗಿದ ಸ್ಟಡ್ಡು ದಣಿದು ಮುರಿಯುತ್ತದೆ.

ಆದುದರಿಂದ ಮೊದಲು ಅಳೆಯಿರಿ. ನಾಲ್ಕು ಸ್ಟಡ್ಡುಗಳಿದ್ದರೆ ಎದುರುಬದುರು ಸ್ಟಡ್ಡುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. ಐದಿದ್ದರೆ ಅಕ್ಕಪಕ್ಕದ ಎರಡರ ಅಂತರವನ್ನು 1.701ರಿಂದ ಗುಣಿಸಿರಿ. ಸ್ಟಡ್ಡಿನ ಮರೆ, ನಟ್ಟಿನ ಮುಖದ ಆಕಾರ, ಗಾಲಿಯ ನಡುವಣ ತೂತಿನ ಅಳತೆ, ಇವೂ ಹೊಂದಬೇಕು.

ಅಳತೆ ಹೊಂದದಿದ್ದರೆ ದಾರಿಗಳು ಎರಡು. ಅಚ್ಚಿನ ತುದಿಯ ತಟ್ಟೆಯಲ್ಲಿಯೂ ಬ್ರೇಕಿನ ಡ್ರಮ್ಮಿನಲ್ಲಿಯೂ ಹೊಸ ತೂತು ಕೊರೆಸುವುದು ಒಂದು. ತಟ್ಟೆಯಲ್ಲಿ ಸಾಕಷ್ಟು ಲೋಹವಿರಬೇಕು. ಹೊಸ ತೂತುಗಳು ಹಳೆಯವುಗಳ ನಡುವೆ, 45 ಡಿಗ್ರಿ ತಿರುಗಿಸಿದ ಸ್ಥಾನದಲ್ಲಿ ಬರಬೇಕು. ಕೆಲಸ ನುರಿತ ಯಂತ್ರಕಾರನದಾಗಿರಬೇಕು. ಹೀಗೆ ಮಾಡಿದರೆ ನಾಲ್ಕೂ ಗಾಲಿಗಳು ಒಂದೇ ಜಾತಿಯವಾಗಿ, ಒಂದೇ ಸ್ಟೆಪ್ನಿ ಸಾಕಾಗುತ್ತದೆ. ಎರಡನೆಯ ದಾರಿ, ಎರಡೂ ಅಳತೆಗಳುಳ್ಳ ದಪ್ಪನೆಯ ಅಡಾಪ್ಟರ್ ಬಿಲ್ಲೆ. ಅದು ಒಂದರಿಂದ ಹಬ್ಬಿಗೆ ಕೂರುತ್ತದೆ, ಇನ್ನೊಂದರಿಂದ ಗಾಲಿಯನ್ನು ಹಿಡಿಯುತ್ತದೆ. ಇದರಿಂದ ಗಾಲಿ ಬಿಲ್ಲೆಯ ದಪ್ಪದಷ್ಟು ಹೊರಚಾಚುವುದರಿಂದ ಟೈರು ಮಡ್‌ಗಾರ್ಡಿಗೆ ಉಜ್ಜದಂತೆ ನೋಡಿಕೊಳ್ಳಬೇಕು. ಗಾಲಿಯ ತೂತನ್ನು ಅರದಿಂದ ಉಜ್ಜಿ ಹಿಗ್ಗಿಸುವ ಮೂರನೆಯ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ.

ಕೆಲಸ ಮುಗಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಸುಮಾರು 80 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿರಿ. ಗಾಲಿ ತಾನಾಗಿ ಕೂರಬೇಕು. ಬಲವಂತದಿಂದ ಕೂತ ಗಾಲಿ ಬಹಳ ದೂರ ಜೊತೆಗೆ ಬರುವುದಿಲ್ಲ.