ಮಧುಗಿರಿ ಸೀಮೆಯ ಶಾಲೆಗೆ ಕ್ಲಬ್ಬು ಬಂದ ದಾರಿ

2020ರ ಆಗಸ್ಟ್ 10ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕೊರೊನಾ ಭಯದ ನಡುವೆಯೇ ಮಕ್ಕಳು ಮಾಸ್ಕ್ ಕಟ್ಟಿಕೊಂಡು ಬರೆದಿದ್ದ ಪರೀಕ್ಷೆ ಅದು. ಜಿಲ್ಲಾವಾರು ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಮೊದಲನೆಯದು, ಬೆಂಗಳೂರು ಗ್ರಾಮಾಂತರ ಎರಡನೆಯದು, ಮೂರನೆಯದು ಮಧುಗಿರಿ. ಭೂಪಟದಲ್ಲಿ ಹುಡುಕಿದರೆ ಈ ಹೆಸರಿನ ಜಿಲ್ಲೆ ಸಿಗುವುದಿಲ್ಲ. ಕಂದಾಯ ಇಲಾಖೆಗೆ ಮಧುಗಿರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು, ಉಪವಿಭಾಗದ ಕೇಂದ್ರ. ಶಿಕ್ಷಣ ಇಲಾಖೆಯ ಲೆಕ್ಕವೇ ಬೇರೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ, ಅದಕ್ಕೊಬ್ಬ ಉಪನಿರ್ದೇಶಕರು.

ಆ ಮೂರನೇ ಸ್ಥಾನ ಮೇಷ್ಟ್ರುಗಳದ್ದು ಮತ್ತು ಮಕ್ಕಳದ್ದು. ಆದರೆ ಮಳೆ ನೆಚ್ಚಿ ಕಡಲೆಕಾಯಿ ಬಿತ್ತುವ ಈ ಸೀಮೆಯಲ್ಲಿ ಶಾಲೆಯ ಭಾರವನ್ನು ಸರ್ಕಾರ ಒಂಟಿಯಾಗಿ ಹೊತ್ತ ಕಾಲ ಕಡಿಮೆ. ಮಠದ ಪ್ರಸಾದ ನಿಲಯ, ದಾನಿಗಳು ಕೊಟ್ಟ ಜಾಗ, ಸಾಕ್ಷರತಾ ಆಂದೋಲನದ ಸ್ವಯಂಸೇವಕರು, ಪೇಟೆಯ ಸೇವಾ ಕ್ಲಬ್ಬುಗಳು ಒಬ್ಬರಾದ ಮೇಲೊಬ್ಬರು ಹೆಗಲು ಕೊಟ್ಟಿದ್ದಾರೆ. ಇವರಲ್ಲಿ ಕೊನೆಗೆ ಬಂದವರು ಕ್ಲಬ್ಬಿನವರು. ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಂಡು ಹೊರಡುತ್ತಿದ್ದ ಆ ಸಂಸ್ಥೆಗಳು ಇಡೀ ಶಾಲೆಯನ್ನೇ ಕೈಗೆತ್ತಿಕೊಳ್ಳುವ ಮಟ್ಟಕ್ಕೆ ಬಂದದ್ದು ಹಂತ ಹಂತವಾಗಿ.

ಮೊದಲು ಅನ್ನ, ಆಮೇಲೆ ಅಕ್ಷರ

ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತು. ಕಾಯಿದೆ ಬಂದ ಮಾತ್ರಕ್ಕೆ ಹಳ್ಳಿಯ ಹುಡುಗ ಓದಲು ಹೋಗಲಾರ. ಹೋದ ಊರಿನಲ್ಲಿ ಊಟ, ವಸತಿ ಬೇಕು. ತುಮಕೂರು ಸುತ್ತಿನಲ್ಲಿ ಆ ಕೊರತೆ ತುಂಬಿದ್ದು ಸಿದ್ಧಗಂಗಾ ಮಠ. 2019ರಲ್ಲಿ 111ನೇ ವಯಸ್ಸಿನಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಓದು ಕೊಟ್ಟರು. 1959ರಲ್ಲಿ ಎಚ್.ಎಂ. ಗಂಗಾಧರಯ್ಯ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಕಟ್ಟಿ, ಶಾಲೆಯ ಬಾಗಿಲಿನಿಂದ ದೂರವೇ ಉಳಿದಿದ್ದ ದಲಿತ ಮಕ್ಕಳಿಗೆ ದಾರಿ ಮಾಡಿದರು.

ದೊಡ್ಡವರ ಓದಿನ ಕತೆ ಬೇರೆ. 1940ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಸಾಕ್ಷರತಾ ತರಗತಿಗಳನ್ನು ನಡೆಸಿತು. ಹೊಸದಾಗಿ ಅಕ್ಷರ ಕಲಿತವರು ಓದಲೆಂದೇ ‘ಬೆಳಕು’ ವಾರಪತ್ರಿಕೆ ತಂದಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, 1990ರಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡ ಮೇಲೆ ಕರ್ನಾಟಕದ ಜಿಲ್ಲೆಗಳಲ್ಲೂ ಅಕ್ಷರ ಜಾಥಾ, ಬೀದಿ ನಾಟಕ, ಲಾಂದ್ರದ ಬೆಳಕಿನ ತರಗತಿಗಳು ಬಂದವು. ಪಿಯುಸಿ ಮುಗಿಸಿದ ಹುಡುಗಿ ತನ್ನ ಬೀದಿಯ ಹತ್ತು ಹೆಂಗಸರಿಗೆ ಸಂಬಳವಿಲ್ಲದೆ ಪಾಠ ಹೇಳುವುದು ಆಗ ಹಳ್ಳಿಗಳು ಕಂಡ ಹೊಸ ನೋಟ. ಸ್ವಯಂಸೇವೆ ಎಂದರೆ ಹಣವಷ್ಟೇ ಅಲ್ಲ, ದಿನಕ್ಕೆ ಎರಡು ಗಂಟೆ ಹೊತ್ತು ಕೊಡುವುದೂ ಹೌದು ಎಂದು ತೋರಿಸಿದ್ದು ಆ ಆಂದೋಲನ.

ಷಿಕಾಗೊದಿಂದ ತಾಲ್ಲೂಕು ಕೇಂದ್ರಕ್ಕೆ

ಈ ಸೇವಾ ಕ್ಲಬ್ಬುಗಳ ಪೈಕಿ ರೋಟರಿ ಹುಟ್ಟಿದ್ದು 1905ರಲ್ಲಿ, ಷಿಕಾಗೊ ನಗರದಲ್ಲಿ. ವಕೀಲ ಪಾಲ್ ಹ್ಯಾರಿಸ್ ಅದರ ಸ್ಥಾಪಕ. 1917ರಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಗೆ ಚಾಲನೆ ಕೊಟ್ಟರು. 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ರೋಟರಿ ಸದಸ್ಯರ ಮನೆಯ ಹೆಣ್ಣುಮಕ್ಕಳನ್ನು ಸೇರಿಸಿ ಇನ್ನರ್ ವೀಲ್ ಆರಂಭಿಸಿದರು. ಭಾರತದ ಮೊದಲ ರೋಟರಿ ಕ್ಲಬ್ಬಿಗೆ 1920ರಲ್ಲಿ ಕಲ್ಕತ್ತದಲ್ಲಿ ಸನ್ನದು ಸಿಕ್ಕಿತು. ಬೆಂಗಳೂರಿಗೆ ರೋಟರಿ 1934ರಲ್ಲಿ ಬಂತು. ಲಯನ್ಸ್ 1956ರಲ್ಲಿ ಮುಂಬೈ ಮೂಲಕ ದೇಶದೊಳಗೆ ಕಾಲಿಟ್ಟಿತು.

ದೊಡ್ಡ ನಗರದ ಉದ್ಯಮಿಗಳ ಕೂಟವಾಗಿದ್ದ ಈ ಸಂಸ್ಥೆಗಳು ಸಣ್ಣ ಪೇಟೆಗಳಿಗೆ ಹರಡಿದಾಗ ಅವುಗಳ ಸ್ವರೂಪವೂ ಬದಲಾಯಿತು. ತಾಲ್ಲೂಕು ಕೇಂದ್ರದ ಕ್ಲಬ್ಬೆಂದರೆ ನರ್ಸಿಂಗ್ ಹೋಮಿನ ಡಾಕ್ಟರು, ವಕೀಲರು, ಮೆಡಿಕಲ್ ಸ್ಟೋರಿನವರು, ಬಟ್ಟೆ ಅಂಗಡಿಯವರು, ನಿವೃತ್ತ ಹೆಡ್‌ಮೇಷ್ಟ್ರು. ಇಂಥ ಕೂಟಕ್ಕೆ ಮೊದಲು ಹೊಳೆಯುವುದು ಕಣ್ಣಿನ ಶಿಬಿರ, ರಕ್ತದಾನ, ಜೂನ್‌ನಲ್ಲಿ ಬಡ ಮಕ್ಕಳಿಗೆ ಪುಸ್ತಕ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸದಸ್ಯರ ಮುಂದೆ ನಿಂತು ಅಂಧರ ಪರ ಹೋರಾಡಲು ಕರೆ ಕೊಟ್ಟಾಗಿನಿಂದ ಕಣ್ಣು ಅವರ ಕ್ಷೇತ್ರ. ಅದರ ಲಾಭ ಶಾಲೆಗೂ ಇದೆ: ಕೊನೆಯ ಬೆಂಚಿನಲ್ಲಿ ಕೂತ ‘ದಡ್ಡ’ನಿಗೆ ಬೋರ್ಡೇ ಕಾಣುತ್ತಿರಲಿಲ್ಲ ಎಂಬುದು ಎಷ್ಟೋ ಸಲ ಗೊತ್ತಾಗುವುದು ಕಣ್ಣಿನ ಪರೀಕ್ಷೆಯ ದಿನ.

ಪೋಲಿಯೊ ಮುಗಿದ ಮೇಲೆ

ರೋಟರಿಯನ್ನು ಶಾಲೆಯ ಕಡೆಗೆ ಗಟ್ಟಿಯಾಗಿ ತಿರುಗಿಸಿದ್ದು ಒಂದು ರೋಗದ ಅಂತ್ಯ. 1985ರಿಂದ ಅದು ಪೋಲಿಯೊ ವಿರುದ್ಧ ಹೋರಾಡಿತ್ತು. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ದೇಶವಿರುವ ವಲಯ ಪೋಲಿಯೊ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬೂತ್‌ಗಳಲ್ಲಿ ಕೂತು ಹನಿ ಹಾಕಿಸಿದ ಸಾವಿರಾರು ಸದಸ್ಯರ ಮುಂದೆ ‘ಇನ್ನೇನು?’ ಎಂಬ ಪ್ರಶ್ನೆ ನಿಂತಿತು. ಸಾಕ್ಷರತೆ ಎಂಬುದು ಭಾರತದ ರೋಟರಿ ಕಂಡುಕೊಂಡ ಉತ್ತರ. ‘ಟೀಚ್’ ಹೆಸರಿನ ಕಾರ್ಯಕ್ರಮದಲ್ಲಿ ಶಿಕ್ಷಕರಿಗೆ ಬೆಂಬಲ, ಇ-ಕಲಿಕೆ, ವಯಸ್ಕರ ಸಾಕ್ಷರತೆ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು, ‘ಹ್ಯಾಪಿ ಸ್ಕೂಲ್’ ಎಂದು ಐದು ಭಾಗ.

ಊರಿನವರ ಕಣ್ಣಿಗೆ ಹೆಚ್ಚು ಬಿದ್ದದ್ದು ಕೊನೆಯದು. ಹ್ಯಾಪಿ ಸ್ಕೂಲ್ ಎನ್ನಿಸಿಕೊಳ್ಳಲು ಎಂಟು ಅಂಶ ಬೇಕು: ಸುಣ್ಣಬಣ್ಣ ಕಂಡ ಸುರಕ್ಷಿತ ಕಟ್ಟಡ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು ಮತ್ತು ಕೈ ತೊಳೆಯುವ ವ್ಯವಸ್ಥೆ, ಬಳಕೆಯಲ್ಲಿರುವ ಗ್ರಂಥಾಲಯ, ಆಟದ ಸಾಮಾನು, ಶಿಕ್ಷಕರಿಗೆ ಕೂರಲು ಜಾಗ, ಮಕ್ಕಳಿಗೆ ಡೆಸ್ಕು, ಸಮವಸ್ತ್ರ ಅಥವಾ ಶೂ. ಒಂದೊಂದು ಊರಿಗೆ ಒಂದೊಂದು ವಸ್ತು ಕೊಡುವುದನ್ನು ಬಿಟ್ಟು ಒಂದೇ ಊರಿಗೆ ಎಂಟನ್ನೂ ಕೊಡುವ ಕ್ರಮ ಇದು.

ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಕಾಣುವ ಸಂಗತಿಯೊಂದಿದೆ. ಇದರಲ್ಲಿ ಬಹುಪಾಲು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಇದೆ. ಪ್ರತ್ಯೇಕ ಶೌಚಾಲಯ, ನೀರು, ಗ್ರಂಥಾಲಯ, ಆಟದ ಸಲಕರಣೆ ಎಲ್ಲವೂ ಸರ್ಕಾರ ಕೊಡಲೇಬೇಕಾದವು. ಕ್ಲಬ್ಬು ಔದಾರ್ಯದಿಂದ ಕೊಡುತ್ತಿರುವುದು ಮಗುವಿಗೆ ಕಾನೂನು ಆಗಲೇ ಬರೆದುಕೊಟ್ಟಿರುವ ಹಕ್ಕನ್ನು. ಔದಾರ್ಯ ಮತ್ತು ಹಕ್ಕಿನ ನಡುವಿನ ಈ ಗೆರೆ ಎಷ್ಟು ಸೂಕ್ಷ್ಮ ಎಂಬುದು 2022ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಸಮಿತಿಗಳಿಗೆ ಅವಕಾಶ ಕೊಟ್ಟ ಇಲಾಖೆಯ ಸುತ್ತೋಲೆ, ರಾಜ್ಯದಾದ್ಯಂತ ಟೀಕೆ ಎದ್ದ ಮೇಲೆ ವಾಪಸಾಯಿತು.

ಹಣದ ಮೂಲವೂ ಇಷ್ಟರಲ್ಲಿ ಹಿಗ್ಗಿತ್ತು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಸರಾಸರಿಯ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ ಬಂತು. ಕಂಪನಿಯ ಬಳಿ ದುಡ್ಡಿದೆ, ಹಳ್ಳಿಯ ಪರಿಚಯವಿಲ್ಲ. ಕ್ಲಬ್ಬಿನ ಬಳಿ ಪರಿಚಯವಿದೆ, ಅಷ್ಟು ದುಡ್ಡಿಲ್ಲ. ಇಬ್ಬರೂ ಕೈಜೋಡಿಸಿದರು. ರೋಟರಿ ಫೌಂಡೇಶನ್ನಿನ ಜಾಗತಿಕ ಅನುದಾನವೂ ಇದೆ. ಯೋಜನೆ ಕನಿಷ್ಠ 30,000 ಡಾಲರಿನದಾಗಿರಬೇಕು, ಊರಿಗೆ ಏನು ಬೇಕೆಂದು ಮೊದಲೇ ಊರಿನವರನ್ನು ಕೇಳಿರಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಲೆಕ್ಕ

ಊರಿನವರನ್ನು ಕೇಳುವ ಆ ಕೆಲಸ ಎಷ್ಟು ಮುಖ್ಯವೆಂಬುದು ಪಾವಗಡಕ್ಕೆ ಹೋದರೆ ತಿಳಿಯುತ್ತದೆ. ಅಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಅಯೋಗ್ಯ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಮೂಳೆ ನೋವು. ಬೇರೆಡೆ ಸಾಕೆನಿಸುವ ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು ಫ್ಲೋರೈಡನ್ನು ತೆಗೆಯುವುದಿಲ್ಲ. ಆರ್‌ಒ ಘಟಕ ಬೇಕು, ಅದಕ್ಕೆ ಕರೆಂಟು ಬೇಕು, ಕಾಲಕಾಲಕ್ಕೆ ಮೆಂಬ್ರೇನ್ ಬದಲಾಯಿಸುವವರು ಬೇಕು. ಹೀಗಾಗಿ ಉದ್ಘಾಟನೆಯ ರಿಬ್ಬನ್ ಕತ್ತರಿಸುವ ಖರ್ಚಿಗಿಂತ ಮೂರನೇ ವರ್ಷದ ರಿಪೇರಿ ಖರ್ಚೇ ಇಲ್ಲಿ ನಿಜವಾದ ದಾನ.

ಇದೇ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಬರ ಬಂದಾಗ ಕೂಲಿಗೆ ಬೆಂಗಳೂರಿಗೆ ಹೋಗುವ ಕುಟುಂಬಗಳ ಮಕ್ಕಳು ಮಾತ್ರ ಇಂದಿಗೂ ವರ್ಷದ ನಡುವೆ ಹಾಜರಿ ಪುಸ್ತಕದಿಂದ ಕಾಣೆಯಾಗುತ್ತಾರೆ. ಇನ್ನೊಂದು ತೊಡಕು ಭಾಷೆಯದು. ಆಂಧ್ರದ ನೆಲ ಸುತ್ತುವರಿದಿರುವ ಪಾವಗಡದಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಬೀರು ತುಂಬ ಪುಸ್ತಕ ಇಟ್ಟರೂ ಒಂದನೇ ತರಗತಿಯ ಮಗುವಿಗೆ ಅವನ್ನು ಕತೆಯಾಗಿ ಹೇಳುವ ಎರಡು ಭಾಷೆ ಬಲ್ಲ ಅಕ್ಕ ಒಬ್ಬಳು ಇರದಿದ್ದರೆ ಗ್ರಂಥಾಲಯ ಬೀಗದೊಳಗೇ ಉಳಿಯುತ್ತದೆ.

ಶಿರಾ, ಮಧುಗಿರಿ ಭಾಗದಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ರೂಢಿ ಕೆಲವೆಡೆ ಇನ್ನೂ ಇದೆ. ಆ ಹುಡುಗಿ ಏಳನೇ ತರಗತಿಯ ನಂತರವೂ ಶಾಲೆಗೆ ಬರಬೇಕೆಂದರೆ ನೀರು ಬರುವ, ಚಿಲಕ ಇರುವ ಶೌಚಾಲಯ ಮೊದಲ ಷರತ್ತು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಸಾಕ್ಷರತೆ ಶೇ 75.14; ಗಂಡಸರಲ್ಲಿ ಶೇ 82.81 ಇದ್ದರೆ ಹೆಂಗಸರಲ್ಲಿ ಶೇ 67.38. ನಡುವಿನ 15 ಅಂಕಗಳ ಕಂದರದಲ್ಲಿ ಇಂಥ ಚಿಲಕಗಳ ಪಾಲೂ ಇದೆ.

ಕೊರಟಗೆರೆಗೆ ಬೆಂಗಳೂರು ಹತ್ತಿರ. ಊರು ಹತ್ತಿರವಾದಷ್ಟೂ ದಾನಿಗಳೂ ಹತ್ತಿರ. ಮುಖ್ಯರಸ್ತೆಯ ಪಕ್ಕದ ಶಾಲೆಗೆ ವರ್ಷಕ್ಕೆರಡು ಸಲ ಬ್ಯಾಗು ಬಂದು, ಬೆಟ್ಟದ ಹಿಂದಿನ ಶಾಲೆಗೆ ಒಂದೂ ಬಾರದೆ ಹೋಗುವ ಸಾಧ್ಯತೆಯೂ ಅಷ್ಟೇ ಹತ್ತಿರ. ಇದನ್ನು ತಪ್ಪಿಸಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಪಟ್ಟಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಮಾತು ಎರಡೂ ಬೇಕು.

ಬೀಗದ ಕೈ ಯಾರ ಬಳಿ?

ಕೊಟ್ಟದ್ದನ್ನು ಕಾಯುವವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಕರ್ನಾಟಕ ಈ ಸಮಿತಿಗಳನ್ನು ರಚಿಸಿತು. ಶಿಕ್ಷಣ ಹಕ್ಕು ಕಾಯಿದೆಯೂ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ಬರೆಯಬೇಕು ಎನ್ನುತ್ತದೆ. ಯೋಜನೆಯಲ್ಲಿ ಕಾಂಪೌಂಡ್ ಮೊದಲು ಎಂದಿದ್ದಾಗ ಕ್ಲಬ್ಬು ಸ್ಮಾರ್ಟ್ ಬೋರ್ಡ್ ತಂದರೆ ಬೋರ್ಡು ಬಟ್ಟೆ ಹೊದ್ದುಕೊಂಡು ಮೂಲೆ ಸೇರುತ್ತದೆ.

ವಸ್ತುವಷ್ಟೇ ಶಾಲೆಯಲ್ಲ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದಾಗ ಕಟ್ಟಡವಿಲ್ಲದೆಯೂ ಶಾಲೆ ನಡೆಯಿತು. ಅಕ್ಟೋಬರ್‌ನಲ್ಲಿ ಅದು ನಿಂತಿತು. ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ ‘ಉಲ್ಲಾಸ್’ ಮತ್ತೆ ಸಂಬಳವಿಲ್ಲದ ಬೋಧಕರನ್ನೇ ನೆಚ್ಚಿದೆ. ಗೋಡೆಗೆ ಬಣ್ಣ ಹೊಡೆಸಿದ ಕ್ಲಬ್ಬಿಗೆ ಇಲ್ಲಿ ಬೇರೆ ಬಗೆಯ ಕೆಲಸ ಕಾದಿದೆ, ಮೂವತ್ತು ವರ್ಷದ ಹಿಂದಿನ ಆ ಪಿಯುಸಿ ಹುಡುಗಿ ಮಾಡಿದಂಥದ್ದು.

ಇಂಥ ನಿರಂತರ ಕೆಲಸಕ್ಕೆ ಅಡ್ಡ ಬರುವುದು ಕ್ಯಾಲೆಂಡರ್. ರೋಟರಿ, ಲಯನ್ಸ್ ಎರಡರಲ್ಲೂ ಅಧ್ಯಕ್ಷರ ಅವಧಿ ಒಂದು ವರ್ಷ. ಹೊಸಬರು ಅಧಿಕಾರ ವಹಿಸುವುದು ಜುಲೈ 1ಕ್ಕೆ. ಕರ್ನಾಟಕದ ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆಗೆ. ಪದಗ್ರಹಣ ಮುಗಿಸಿ ಹೊಸ ಅಧ್ಯಕ್ಷರು ಯೋಜನೆ ಹಾಕುವ ಹೊತ್ತಿಗೆ ಅಪ್ಪಅಮ್ಮ ಸಾಲ ಮಾಡಿ ನೋಟ್‌ಬುಕ್ ಕೊಂಡಾಗಿರುತ್ತದೆ. ಹಿಂದಿನ ಅಧ್ಯಕ್ಷರ ಕಾಲದ ಆರ್‌ಒ ಘಟಕ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮುಂದಿನ ಅಧ್ಯಕ್ಷರು ಯಾರೆಂಬುದು ಕ್ಲಬ್ಬುಗಳಲ್ಲಿ ತಿಂಗಳುಗಳ ಮೊದಲೇ ತೀರ್ಮಾನವಾಗಿರುತ್ತದೆ. ಅವರು ಮಾರ್ಚ್‌ನಲ್ಲೇ ಎಸ್‌ಡಿಎಂಸಿ ಸಭೆಗೆ ಬಂದು, ಹಳೆಯ ಅಧ್ಯಕ್ಷರ ಪಕ್ಕದಲ್ಲಿ ಕೂತು ರಿಪೇರಿ ಪಟ್ಟಿ ಬರೆದುಕೊಳ್ಳಲು ಯಾವ ಅನುದಾನವೂ ಬೇಕಿಲ್ಲ.